ಗೆರೆಯ ಮೇಲೆ ಬಿದ್ದ ಚೆಂಡು

ಶನಿವಾರ,
ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಕ್ಕನಿಗೆ,

ಮೇಲಿನ ಮನೆಯಿಂದ ಕೆಳಗಿನ ಮನೆಗೆ ಕಾಗದ ಬರೆಯುವ ಹುಚ್ಚಿ ಪ್ರಪಂಚದಲ್ಲಿ ಇವಳೊಬ್ಬಳೇ ಎಂದು ನೀನು ನಗುತ್ತೀಯ. ನಗು. ಕ್ಷೇಮ ಸಮಾಚಾರವನ್ನಂತೂ ಬರೆಯುವುದಿಲ್ಲ. ನಮ್ಮ ಯಜಮಾನರು ಬೆಳಿಗ್ಗೆ ಎಷ್ಟು ಸಲ ಸೀನಿದರು ಎನ್ನುವುದು ಕೂಡ ನಿನಗೆ ಕೆಳಗೆ ಕೇಳಿಸಿರುತ್ತದೆ. ಎದುರಿಗೇ ಹೇಳೋಣವೆಂದು ನಾಲ್ಕು ದಿನ ಮೆಟ್ಟಿಲಿಳಿದೆ. ನಿನ್ನ ಬಾಗಿಲ ಚಿಲಕದ ಸದ್ದಾದ ಕೂಡಲೇ ಕಳ್ಳಿಯ ಹಾಗೆ ವಾಪಸ್ಸು ಹತ್ತಿದೆ.

"ಇಷ್ಟು ದಿನದಿಂದ ಕಾಫಿಗೆ ಯಾಕೆ ಇಳೀತಿಲ್ಲ ಅವಳು? ನಾನೇನಾದ್ರೂ ಅಂದ್ನಾ?" ಎಂದು ನಿನ್ನ ಮೈದುನನನ್ನು ಕೇಳಿದೆಯಂತೆ. ಹೊಲಿಗೆ ಕೆಲಸ ಜಾಸ್ತಿ ಇದೆ ಎಂದು ಅವರ ಬಾಯಲ್ಲಿ ಹೇಳಿಸಿದ್ದು ಸುಳ್ಳು. ಅಂಗಡಿಯಲ್ಲಿ ಈಗ ಮೊಟಕು ಮಾಡಬೇಕಾದ ಎರಡು ಪ್ಯಾಂಟು, ತೋಳು ಬಿಚ್ಚಿಟ್ಟ ಒಂದು ಕೋಟು, ಅಷ್ಟೇ. ನೀನು ಏನೂ ಅನ್ನಲಿಲ್ಲ ಅಕ್ಕ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಟದ ಹಾಲ್‌ನಲ್ಲಿ ನಾನು ಒಂದನೇ ಕೋರ್ಟಿಗೆ ಹೋದ ಮೇಲೆ ಅಲ್ಲಿ ಹೇಗಿದೆ ಎಂದು ಕೇಳುವ ಆಸೆ ನಿನಗಿರುತ್ತದೆ. ಅಸಹ್ಯವಾಗಿದೆ. ನನ್ನ ಜೊತೆಗಾರ, ಆ ಹಲ್ಲಿನ ಡಾಕ್ಟರು, ಕೈಪಟ್ಟಿಯ ಬೆವರು ಹಿಂಡಿ ಅದೇ ಕೈಯಲ್ಲಿ ನನ್ನ ಬೆನ್ನು ತಟ್ಟುತ್ತಾರೆ. ಅಲ್ಲಿ ಗೆದ್ದವರು ನಗುವುದಿಲ್ಲ, ಸೋತವರು ಜೊತೆಗಾರರ ಮುಖ ನೋಡುವುದಿಲ್ಲ. ನಿಮ್ಮ ಎರಡನೇ ಕೋರ್ಟಿನ ಕಡೆ ಗಲ್ಲ ಎತ್ತಿ ತೋರಿಸಿ, "ಅವರೆಲ್ಲ ಸಕ್ಕರೆ ಕಾಯಿಲೆಗೆ ಆಡೋರು" ಅನ್ನುತ್ತಾರೆ. ಮೊದಲನೇ ದಿನ ನಾನೂ ಅವರ ಜೊತೆ ಹಲ್ಲು ಕಿರಿದೆ.

ಆದರೆ ಅಸಹ್ಯ ಅವರದ್ದಲ್ಲ. ಅವರು ಮೊದಲಿಂದಲೂ ಹಾಗೇ ಇದ್ದರು. ಅಲ್ಲಿಗೆ ಹೋಗಬೇಕೆಂದು ಬಾಯಿ ಬಿಟ್ಟುಕೊಂಡು ನಿಂತವಳು ನಾನು.

ವಾರಗಿತ್ತಿಯರೆಂದರೆ ಮುಖ ಊದಿಸಿಕೊಂಡೇ ಇರಬೇಕು ಎಂದು ಎಲ್ಲರೂ ತಿಳಿದಿದ್ದ ಮನೆಗೆ ನಾನು ಬಂದೆ. ಅತ್ತೆಯವರು ನಮ್ಮಿಬ್ಬರ ಸಾರನ್ನೂ ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಬಡಿಸಿಕೊಂಡು ಯಾರದ್ದು ರುಚಿ ಎಂದು ಜೋರಾಗಿ ತೀರ್ಪು ಕೊಡುತ್ತಿದ್ದರು. ನೀನು ಮಾತ್ರ ಕಣ್ಣು ಹೊಡೆದು, "ಇವತ್ತು ನೀನು ಗೆದ್ದೆ, ನಾಳೆ ನಂದು" ಎನ್ನುತ್ತಿದ್ದೆ. ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು, ನನ್ನನ್ನು ಹೊಲಿಗೆ ಮಿಷನ್ನಿನ ಮುಂದಿನಿಂದ ಎಬ್ಬಿಸಿ, ಆ ತಗಡಿನ ಸೂರಿನ ಹಾಲ್‌ಗೆ ಎಳೆದುಕೊಂಡು ಹೋದವಳು ನೀನೇ. ತೂತು ತೂತಿನ ಪ್ಲಾಸ್ಟಿಕ್ ಚೆಂಡು ನೋಡಿ, ಇದೇನು ಅಕ್ಕಾ ಚಹಾ ಸೋಸೋದಾ ಎಂದು ನಾನು ಕೇಳಿದ್ದೆ.

ಪಿಕಲ್‌ಬಾಲ್‌ನಲ್ಲಿ ನನಗೆ ನೀನು ಮೊದಲು ಹೇಳಿಕೊಟ್ಟದ್ದು ಪ್ಯಾಡಲ್ ಬ್ಯಾಟು ಹಿಡಿಯುವುದನ್ನಲ್ಲ. ನಮ್ಮಂಥವರ ಆಟಕ್ಕೆ ಅಂಪೈರ್ ಇರುವುದಿಲ್ಲ, ಚೆಂಡು ಯಾರ ಕಡೆ ಬೀಳುತ್ತದೋ ಅವರೇ ಒಳಗೋ ಹೊರಗೋ ಹೇಳಬೇಕು, ಗೆರೆಗೆ ತಾಗಿದರೂ ಒಳಗೇ, ಅನುಮಾನ ಬಂದರೆ ಎದುರಿನವರಿಗೆ ಬಿಟ್ಟುಕೊಡಬೇಕು ಎಂದೆ. ಅಷ್ಟು ನೆಟ್ಟಗಿದ್ದರೆ ಮಿಕ್ಕಿದ್ದು ತಾನಾಗಿ ಬರುತ್ತದೆ ಎಂದೆ.

ಮಿಕ್ಕಿದ್ದು ತಾನಾಗಿ ಬರಲಿಲ್ಲ ಅಕ್ಕ. ನಾನು ಬೆನ್ನು ಹತ್ತಿ ಹೋದೆ. ಬಲೆ ದಾಟಿದ ಚೆಂಡು ಎದುರಿನವರ ಕಾಲಬುಡದಲ್ಲಿ ಮೆತ್ತಗೆ ಬೀಳುವ ಆ ಒಂದು ಹೊಡೆತಕ್ಕಾಗಿ ಊಟದ ಹೊತ್ತಿನಲ್ಲಿ ಅಂಗಡಿಯ ಬಾಗಿಲು ಎಳೆದುಕೊಂಡು ಗೋಡೆಗೆ ದಿನಾ ಇನ್ನೂರು ಸಲ ಹೊಡೆದೆ. ಬಟ್ಟೆ ತೊಡಿಸುವ ಬೊಂಬೆಯ ಮೂಗು ಹೋಯಿತು. ಹೊಡೆತ ಬಂತು. ಬಂದ ಮೇಲೆ ನಾನು ಏನೋ ಆಗಿಬಿಟ್ಟೆ ಎನಿಸಿತು. ನಲವತ್ತಾರು ವರ್ಷದಲ್ಲಿ ಯಾರೂ ನನ್ನನ್ನು ಯಾವುದರಲ್ಲೂ ಮುಂದೆ ಬಂದಿದ್ದಾಳೆ ಎಂದು ಹೇಳಿರಲಿಲ್ಲ.

ಜೊತೆಗಾರ ಬಿಟ್ಟುಹೋಗಿ ಎರಡನೇ ಕೋರ್ಟಿಗೆ ಇಳಿದಿದ್ದ ಡಾಕ್ಟರು ಆಗಲೇ ನನ್ನ ಕಿವಿಯೂದಿದ್ದು. "ನಿಮ್ಮ ಅಕ್ಕನ್ನ ಕಟ್ಕೊಂಡಿರೋವರೆಗೂ ನೀವು ಇಲ್ಲೇ ಕೊಳೀತೀರ" ಎಂದರು. ಅವರ ಬಾಯಿಗೆ ಅವರದೇ ಇಕ್ಕಳ ಹಾಕಬೇಕಿತ್ತು. ಹಾಕಲಿಲ್ಲ. ನಿನ್ನ ಹತ್ತಿರ ಬಂದು, ಸ್ವಲ್ಪ ದಿನ ಬೇರೆಯವರ ಜೊತೆ ಆಡಿ ನೋಡುತ್ತೇನೆ ಎಂದು ನೆಲ ನೋಡುತ್ತಾ ಹೇಳಿದೆ. ನೀನು "ಅದಕ್ಕೇನು, ಆಡು" ಎಂದು ಬೇಕರಿಯವಳನ್ನು ಜೊತೆ ಮಾಡಿಕೊಂಡೆ.

ಆ ಭಾನುವಾರದ ಪಂದ್ಯ ನಿನಗೆ ಗೊತ್ತೇ ಇದೆ. ಗೆದ್ದ ಜೋಡಿ ಮೇಲಿನ ಕೋರ್ಟಿಗೆ. ಹತ್ತು-ಒಂಬತ್ತು, ನಮ್ಮ ಸರ್ವ್, ನಮಗೆ ಒಂದೇ ಪಾಯಿಂಟ್ ಬೇಕಿತ್ತು. ನಿನ್ನ ಬ್ಯಾಕ್‌ಹ್ಯಾಂಡ್ ಹೊಡೆತ ಡಾಕ್ಟರ ತಲೆಯ ಮೇಲಿಂದ ಹಾದು ನನ್ನ ಹಿಂದಿನ ಗೆರೆಯ ಹತ್ತಿರ ಬಿತ್ತು. ನಾನು ಹೊರಳಿ ನೋಡಿದೆ. ಬೆರಳೆತ್ತಿ "ಔಟ್" ಎಂದೆ.

ಅದು ಗೆರೆಯ ಮೇಲೆ ಬಿದ್ದಿತ್ತು ಅಕ್ಕ. ಅರ್ಧ ಚೆಂಡು ಬಿಳಿಯ ಮೇಲಿತ್ತು. ಇಪ್ಪತ್ತು ವರ್ಷದಿಂದ ಕಾಲಿಂಚು ಮಡಿಕೆ ನೋಡಿ ನೋಡಿ ಪಳಗಿದ ಕಣ್ಣು ಇದು, ಕಾಣಲಿಲ್ಲ ಎಂದು ಹೇಳಿಕೊಳ್ಳಲೂ ಬರುವುದಿಲ್ಲ. ಕಂಡಿತು, ಕಂಡ ಮೇಲೆಯೇ ಬಾಯಿ ಔಟ್ ಎಂದಿತು. ಥೂ!

ಬೇಕರಿಯವಳು, "ಅಯ್ಯೋ, ಒಳಗಿತ್ತಲ್ರೀ!" ಎಂದು ಕೂಗಿದಳು. ಆಗ ನೀನು ಎಲ್ಲರಿಗೂ ಕೇಳುವ ಹಾಗೆ, "ಸುಮ್ನಿರಮ್ಮ, ಅದು ನನ್ ತಂಗಿ ಕಣ್ಣು. ಕಾಲಿಂಚೂ ತಪ್ಪಲ್ಲ" ಎಂದೆ. ಬಲೆಯ ಹತ್ತಿರ ಬಂದು ಪ್ಯಾಡಲ್‌ಗೆ ಪ್ಯಾಡಲ್ ತಾಗಿಸಿ, ನನ್ನ ಕೆನ್ನೆ ಹಿಂಡಿ, "ಹೋಗು, ಮೇಲೆ ಹೋಗಿ ಅವರಿಗೆ ಒಂದು ಕೈ ತೋರಿಸು" ಎಂದೆ. ನಿನ್ನ ಕೈಯಲ್ಲಿ ಔಷಧಿ ಅಂಗಡಿಯ ಸ್ಪಿರಿಟ್ಟಿನ ವಾಸನೆ ಇತ್ತು.

ಮನೆಗೆ ಬಂದು ಮುಖಕ್ಕೆ ಸೋಪು ಹಾಕಿ ಮೂರು ಸಲ ತೊಳೆದೆ. ಅಂದಿನಿಂದ ಅಂಗಡಿಯ ಕನ್ನಡಿಗೆ ಬಟ್ಟೆ ಹೊದಿಸಿದ್ದೇನೆ. ಗಿರಾಕಿಗಳು ಕೇಳಿದರೆ ಒಡೆದಿದೆ ಎನ್ನುತ್ತೇನೆ. ನನಗೆ ನನ್ನ ಮೇಲೆ ಹೇಸಿಗೆ ಬಂದಿದೆ, ಅಕ್ಕ. ಇದಕ್ಕಿಂತ ಮರ್ಯಾದೆಯ ಶಬ್ದ ಹುಡುಕಿದೆ, ಸಿಗಲಿಲ್ಲ. ನೀನು ಇನ್ನು ಮಾತು ಬಿಟ್ಟರೂ ನಾನು ಯಾರ ಹತ್ತಿರವೂ ದೂರು ಹೇಳುವುದಿಲ್ಲ. ಆದರೆ ಬಿಡಬೇಡ ಎಂದು ಕೇಳಿಕೊಳ್ಳದೆಯೂ ಇರಲಾರೆ. ಈ ಮನೆಯಲ್ಲಿ ನನಗೆ ನಿನ್ನ ಬಿಟ್ಟರೆ ಯಾರಿದ್ದಾರೆ?

ನಾಳೆ ಬೆಳಿಗ್ಗೆ ಆಟ ಶುರುವಾಗುವ ಮುಂಚೆ, ಜೋಡಿಗಳ ಪಟ್ಟಿ ಬರೆಯುವ ಎಲೆಕ್ಟ್ರಿಷಿಯನ್ ಅಣ್ಣನ ಮುಂದೆ, ಎಲ್ಲರೆದುರು ನಿಂತು ಆ ಚೆಂಡು ಒಳಗೆ ಬಿದ್ದಿತ್ತು ಎಂದು ಹೇಳುತ್ತೇನೆ. ಡಾಕ್ಟರು ಹಲ್ಲು ಕಡಿಯಲಿ. ರಿಪೇರಿ ಅವರಿಗೇ ಗೊತ್ತು. ಯಾವ ಕೋರ್ಟಿಗೆ ಹಾಕಿದರೂ ಹೋಗುತ್ತೇನೆ. ಮನೆಗೆ ಹೋಗು ಎಂದರೂ ಸರಿ. ನಿನಗೆ ಮೊದಲು ಗೊತ್ತಾಗಲಿ ಎಂದು ಈ ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದೇನೆ.

ತಂಗಿ ಎಂದು ಬರೆಯಲು ಕೈ ಬರುತ್ತಿಲ್ಲ. ಹಾಗಾಗಿ,

ಮೇಲಿನ ಮನೆಯವಳು

ತಾಜಾ ಕಲಂ: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದ್ದೇನೆ. ಒಂದೇ ಚೆಂಡು ಎನ್ನುವ ಹಾಗೆ ಬರೆದಿದ್ದೇನಲ್ಲ, ಅಲ್ಲ. ಅದಕ್ಕೂ ಮುಂಚೆ, ಐದು-ಏಳರಲ್ಲಿ ಒಂದು, ಎಂಟು-ಎಂಟರಲ್ಲಿ ಒಂದು. ಅವೂ ನಿನ್ನ ಬ್ಯಾಕ್‌ಹ್ಯಾಂಡ್ ಹೊಡೆತಗಳೇ, ಅವೂ ಒಳಗೇ ಬಿದ್ದಿದ್ದವು. ಎರಡು ಸಲವೂ ನೀನು "ಸಾರಿ ಕಣೇ, ಜಾಸ್ತಿ ಆಯ್ತು" ಎಂದು ಬೇಕರಿಯವಳ ಹತ್ತಿರ ಕ್ಷಮೆ ಕೇಳಿದೆ. ಈಗ ಕಿಟಕಿಯಿಂದ ನೋಡುತ್ತಿದ್ದೇನೆ: ನೀನು ಹಿತ್ತಲಲ್ಲಿ ಸೀಮೆಸುಣ್ಣದ ಗೆರೆ ಎಳೆದುಕೊಂಡು ಆ ಹೊಡೆತವನ್ನು ಒಂದಡಿ ಗಿಡ್ಡ ಮಾಡಿಕೊಳ್ಳುತ್ತಿದ್ದೀಯ. ಮೂರು ವಾರದಿಂದ ದಿನಾ ಮಾಡುತ್ತಿದ್ದೀಯ. ನಿಲ್ಲಿಸು ಅಕ್ಕ. ನಿನ್ನ ಹೊಡೆತ ಸರಿಯಾಗಿಯೇ ಇತ್ತು.