ಹದಿನೇಳನೇ ಕಲ್ಲಿನ ಬಾಣ

ಪಾಗ್ರಾತಿ, ಅಥೆನ್ಸ್
೧೯ ಜನವರಿ ೧೯೯೩

ಪ್ರೀತಿಯ ಸ್ತ್ರಾತಿ,

ಮೊಣಕಾಲಿನ ಊತ ಇಳಿಯಿತೇ? ಹೊಟ್ಟೆಗೆ ಏನಾದರೂ ಬೀಳುತ್ತಿದೆಯೇ? ನೀನಂತೂ ಫೋನಿಗೇ ಬರುವುದಿಲ್ಲ. ದ್ವೀಪದಲ್ಲಿ ನಿನಗೆ ಕೋಣೆ ಕೊಟ್ಟ ಮರುಸೋ ಅಜ್ಜಿ ನಿನ್ನೆ ನನಗೇ ಬೈದಳು: "ನಿನ್ನ ಗಂಡ ಬೆಳಗಾದ್ರೆ ಸುತ್ತಿಗೆ ಹಿಡ್ಕೊಂಡು ಬಂಡೆ ತುದಿಗೆ ಹೋಗ್ತಾನಮ್ಮ. ಈ ಗಾಳೀಲಿ ಮೇಕೆನೂ ಅಲ್ಲಿಗೆ ಹೋಗಲ್ಲ. ಮೊನ್ನೆ ಜಾರಿದ, ನಾಳೆ ಸಮುದ್ರಕ್ಕೇ ಬೀಳ್ತಾನೆ. ಬಂದು ಕರ್ಕೊಂಡು ಹೋಗು." ಬರಲು ನನಗೆ ಧೈರ್ಯವಿಲ್ಲ. ಏಕೆಂದು ಹೇಳಲೂ ಇಷ್ಟು ದಿನ ಧೈರ್ಯವಿರಲಿಲ್ಲ.

ಭೂಮಿಯ ಆಳದಲ್ಲಿ ಒತ್ತಡಕ್ಕೆ ಸಿಕ್ಕಿ ಮೇಲೆದ್ದು ಬಂದ ಅಲ್ಲಿನ ನೀಲಿ ಕಲ್ಲಿನಲ್ಲಿ ಗಾರ್ನೆಟ್ ಹರಳುಗಳು ಬೆಳೆಯುತ್ತಲೇ ಉರುಳಿವೆ, ಅವುಗಳ ಹೊಟ್ಟೆಯೊಳಗಿನ ಸುರುಳಿ ನೋಡಿದರೆ ಮೇಲಿನ ಪದರ ಯಾವ ಕಡೆ ಜಾರಿತೆಂದು ತಿಳಿಯುತ್ತದೆ ಎಂದು ಮೂವತ್ತು ವರ್ಷ ನನ್ನ ತಲೆ ತಿಂದಿದ್ದೀಯಲ್ಲ! ಅಂದು ನೀನು ಅಲ್ಲಿಂದ ಒಡೆದು ತಂದ ಉಳಿದ ಕಲ್ಲುಗಳಲ್ಲಿ ಹರಳು ಸವೆದಿತ್ತು. ಹದಿನೇಳನೆಯದೊಂದೇ ಸ್ಪಷ್ಟವಾಗಿ, ಪದರ ಜಾರಿದ್ದು ಉತ್ತರಕ್ಕೆ ಎಂದಿತು. ನವೆಂಬರಿನ ಭೂವಿಜ್ಞಾನಿಗಳ ಸಭೆಯಲ್ಲಿ ನಿನ್ನದೇ ಶಿಷ್ಯೆ ಫೋತಿನಿ ಇಪ್ಪತ್ತು ಹೊಸ ಕಲ್ಲು ತೋರಿಸಿ ದಕ್ಷಿಣಕ್ಕೆ ಎಂದಳು. ಹಿಂದಿನ ಸಾಲಿನಲ್ಲಿ ಯಾರೋ, "ಮುದುಕನಿಗೆ ಕಣ್ಣು ಮಂಜಾಗಿದೆ ಬಿಡ್ರೋ" ಎಂದು ನಕ್ಕರಂತೆ. ಅಂದಿನಿಂದ ನಿನಗೆ ನಿನ್ನ ಕಣ್ಣಿನ ಮೇಲೇ ನಂಬಿಕೆಯಿಲ್ಲ. ಆ ಹದಿನೇಳನೇ ಕಲ್ಲು ಒಡೆದ ಜಾಗ ಹುಡುಕುತ್ತೇನೆಂದು ಹೋಗಿ ಏಳು ವಾರವಾಯಿತು. ಆ ಅಂಚು ಎಂದೋ ಕುಸಿದು ಸಮುದ್ರ ಸೇರಿದೆ, ಸ್ತ್ರಾತಿ. ಫೋನ್ ರಿಂಗಾದರೆ ಸಾಕು, ನೀನು ಬಿದ್ದ ಸುದ್ದಿಯೇ ಎಂದುಕೊಂಡು ಓಡುತ್ತೇನೆ.

ನಿನ್ನ ಮೈಕ್ರೋಸ್ಕೋಪಿಗೆ ಅಡುಗೆಮನೆಯ ಟವೆಲ್ ಹೊದಿಸಿದ್ದೇನೆ. ಹೊಸ ವರ್ಷದ ಕೇಕಿನೊಳಗೆ ಬಚ್ಚಿಡುವ ಅದೃಷ್ಟದ ನಾಣ್ಯ ಈ ಸಲ ನಿನ್ನ ಪಾಲಿನ ತುಂಡಿಗೇ ಬಂತು. ಕತ್ತರಿಸಿದವಳೂ ನಾನೇ, ನೋಡಿದವಳೂ ನಾನೇ, ಆದರೂ ಮೋಸ ಮಾಡಲಿಲ್ಲ. ನಾಣ್ಯವನ್ನು ಎತ್ತಿಟ್ಟಿದ್ದೇನೆ.

ಮಾತೆ ಮರಿಯ ನಿನ್ನ ಹೆಜ್ಜೆ ಕಾಯಲಿ. ಮರುಸೋ ಅಜ್ಜಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಅರ್ಗಿರೋ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. "ಮೊದಲು ಬಾಣ, ಆಮೇಲೆ ಸುತ್ತಿಗೆ" ಎಂದು ನೀನು ಹೇಳುತ್ತಿದ್ದೆ. ಕಲ್ಲು ಇನ್ನೂ ಬಂಡೆಯಲ್ಲಿರುವಾಗಲೇ ಅದರ ಮೇಲಿನ ಮುಖಕ್ಕೆ, ಉತ್ತರದ ಕಡೆ ತೋರುವಂತೆ ಕೆಂಪು ಬಾಣ ಬಳಿಯುವುದು ನನ್ನ ಕೆಲಸ. ಆ ಕಲ್ಲುಗಳನ್ನು ಒಡೆದದ್ದು ನಾವು ಮದುವೆಯಾದ ವರ್ಷ. ಹದಿನೇಳನೆಯದಕ್ಕೆ ಬಳಿಯಲು ಮರೆತೆ, ನಿನ್ನನ್ನೇ ನೋಡುತ್ತಿದ್ದೆ. ನೀನು ಒಡೆದು ನನ್ನ ಮಡಿಲಿಗೆ ಹಾಕಿ ಮುಂದೆ ಹೋದೆ. ಯಾವ ಮುಖ ಮೇಲಿತ್ತೋ, ಉತ್ತರ ಯಾವ ಕಡೆಗಿತ್ತೋ ಗೊತ್ತಾಗಲಿಲ್ಲ. ಬೈಯುತ್ತೀಯೆಂದು ಹೆದರಿ ಊಹೆಯ ಮೇಲೆ ಒಂದು ಮುಖಕ್ಕೆ ಬಳಿದುಬಿಟ್ಟೆ. ಆ ಕಲ್ಲಿನಿಂದಲೇ ನಿನಗೆ ಹೆಸರು ಬಂದಾಗ ನನ್ನ ಬಾಯಿ ಕಟ್ಟಿತು. ನೀನು ಸುರುಳಿಯನ್ನು ಸರಿಯಾಗಿಯೇ ಓದಿದೆ. ಕಲ್ಲನ್ನು ತಲೆಕೆಳಗು ಮಾಡಿ ದಕ್ಷಿಣವನ್ನು ಉತ್ತರವಾಗಿಸಿದವಳು ನಾನು. ಫೋತಿನಿಗೂ ಇದನ್ನೇ ಬರೆದು ಅಂಚೆಗೆ ಹಾಕಿದ್ದೇನೆ. ಅಲ್ಲಿ ಹುಡುಕಲು ಏನೂ ಇಲ್ಲ, ಸ್ತ್ರಾತಿ. ಮನೆಗೆ ಬಾ, ಬಂದು ನನ್ನನ್ನು ಬೈ.