ಸೆವೆರಿನೊ ಎಂದು ಕೆತ್ತಿದ ಉಂಗುರ

ಕೊನ್ಸ್ವೆಲೊ,
ಫೆಬ್ರವರಿ 11, ಮಂಗಳವಾರ

ಪ್ರೀತಿಯ ತಮ್ಮ ತಿನೊ,

ಅಲ್ತಗ್ರಾಸಿಯಾ ಮಾತೆ ಆ ಚಳಿಯ ಊರಲ್ಲಿ ನಿನ್ನನ್ನು ಕಾಯಲಿ, ನಿನ್ನ ಭುಜದ ನೋವನ್ನು ಇಳಿಸಲಿ. ಉಂಗುರ ಯಾಕೆ ಮಾರಾಟವಾಗಲಿಲ್ಲ ಎಂದು ಭಾನುವಾರ ಫೋನಿನಲ್ಲಿ ನೀನು ಅಷ್ಟು ಕೂಗಾಡಿದರೂ ನಾನು ಹೂಂ, ಉಹೂಂ ಬಿಟ್ಟರೆ ಏನೂ ಹೇಳಲಿಲ್ಲ. ಹೇಳುವುದು ಹೇಗೆ? ಅಮ್ಮ ಪಕ್ಕದಲ್ಲೇ ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. ಬೇರೆ ಮಾತು ಅವಳ ಕಿವಿಗೆ ಬೀಳುವುದಿಲ್ಲ, ನಿನ್ನ ಸುದ್ದಿ ಮಾತ್ರ ಬೀಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಓಣಿಯ ಮಿಲಾಡಿಸ್ ಗುರುವಾರ ನಿಮ್ಮ ನ್ಯೂಜೆರ್ಸಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಡುತ್ತೇನೆ.

ನೀನು ಕಳಿಸಿದ ಆ ಕೋಲ್ವಿನ್ ಒಳ್ಳೆಯ ಮನುಷ್ಯನೇ. ಹಳೆಯ ಬೇಸ್‌ಬಾಲ್ ಆಟಗಾರರ ಟೋಪಿ, ಅಂಗಿ, ಪಂದ್ಯಾವಳಿ ಗೆದ್ದಾಗ ತಂಡ ಹೆಸರು ಕೆತ್ತಿಸಿ ಕೊಡುವ ಉಂಗುರ ಕೊಂಡು ಗಾಜಿನ ಕಪಾಟಿನಲ್ಲಿಡುವವರಿಗೆ ಮಾರುತ್ತಾನಂತೆ. ಹರಕುಮುರುಕು ಸ್ಪ್ಯಾನಿಷಿನಲ್ಲೇ ಅಮ್ಮನ ಕಾಲುನೋವು ವಿಚಾರಿಸಿದ. ನಿನ್ನ ಆಟ ಬಲ್ಲವರೊಬ್ಬರು ಉಂಗುರ ನೋಡಲು ಬಂದಿದ್ದಾರೆ ಎಂದಷ್ಟೇ ನಾನು ಅಮ್ಮನಿಗೆ ಹೇಳಿದ್ದೆ. ಅಷ್ಟು ಸಾಕಾಯಿತು ಅವಳಿಗೆ. ಚರ್ಚಿನ ಪೂಜೆಗೆ ಹೋಗುವಾಗಿನ ಉಡುಪು ಹಾಕಿಕೊಂಡು ಬಂದಳು. ಉಂಗುರ ಅವಳ ಹೆಬ್ಬೆರಳಿಗೂ ದೊಡ್ಡದು, ನಿನಗೆ ಗೊತ್ತಲ್ಲ, ಒಳಗೆ ದಾರ ಸುತ್ತಿ ಹಾಕಿಕೊಳ್ಳುತ್ತಾಳೆ. ಅದನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

ಅವನು ಕಣ್ಣಿಗೆ ಭೂತಗನ್ನಡಿ ಹಿಡಿದು ನೀಲಿ ಕಲ್ಲು ನೋಡಿದ, ಸುತ್ತಲಿನ ಬಿಳಿ ಕಲ್ಲು ನೋಡಿದ, ಆಮೇಲೆ ಪಕ್ಕ ತಿರುಗಿಸಿ ಹೆಸರು ಓದಿದ. ಅಲ್ಲೇ ನಿಂತುಬಿಟ್ಟ.

"ಇಲ್ಲಿ ಸೆವೆರಿನೊ ಅಂತಿದೆ. ನಂಗೆ ಬೇಕಾಗಿದ್ದು ತಿನೊ ತ್ರಿನಿದಾದನ ಉಂಗುರ," ಅಂದ. "ಯಾರೀ ಸೆವೆರಿನೊ?"

ಅಮ್ಮ ಎದೆ ಮುಟ್ಟಿಕೊಂಡು, "ಯಾರು ಅಂದ್ರೆ? ನಾನೇ ಕಣಪ್ಪಾ," ಅಂದಳು.

ಅವನು ಫೋನಿನಲ್ಲಿ ತಂಡ ಗೆದ್ದ ವರ್ಷದ ಆಟಗಾರರ ಹೆಸರುಗಳನ್ನೆಲ್ಲ ನೋಡಿದ. ಸೆವೆರಿನೊ ಎಂಬವನಿರಲಿಲ್ಲ. ಅಭಿಮಾನಿಗಳಿಗೆ ಹಂಚುವ ನಕಲಿ ಉಂಗುರಗಳು ಬಹಳ ಇವೆ, ಇದೂ ಚೆನ್ನಾಗಿದೆ, ಅಜ್ಜಿ ಜೋಪಾನವಾಗಿ ಇಟ್ಟುಕೊಳ್ಳಲಿ ಎಂದು ನಯವಾಗಿ ಹೇಳಿದ. ಅಮ್ಮನಿಗೆ ಅದೊಂದೂ ಅರ್ಥವಾಗಲಿಲ್ಲ. ಇನ್ನೊಂದು ಲೋಟ ಕಾಫಿ ಬಗ್ಗಿಸಿದಳು.

ನಾನು ಬಾಯಿ ಬಿಡಲಿಲ್ಲ. ನಮ್ಮಲ್ಲಿ ಅಪ್ಪನ ಕುಲದ ಹೆಸರು ಮೊದಲು, ಅಮ್ಮನ ಕುಲದ ಹೆಸರು ಕೊನೆಗೆ, ತಂಡದ ಗುಮಾಸ್ತ ಕೊನೆಯದನ್ನೇ ತಿನೊನ ಕುಲದ ಹೆಸರು ಅಂದುಕೊಂಡು ಕೆತ್ತಿಸಿಬಿಟ್ಟ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಉಂಗುರ ತಂದ ದಿನ ಅಡುಗೆಮನೆಯಲ್ಲಿ ನೀನೇ ನಗುತ್ತಾ ನನಗೆ ಹೇಳಿದ್ದೆಯಲ್ಲ. ಅಷ್ಟರಲ್ಲಿ ಅಮ್ಮ ಅಂಗಳದಲ್ಲಿ ಓಣಿಯವರ ಮುಂದೆ ಆ ಹೆಸರಿಗೆ ಮುತ್ತಿಡುತ್ತಿದ್ದಳು. ನನ್ನ ಮಗ ಅಪ್ಪನ ಹೆಸರು ಬಿಟ್ಟು ನನ್ನದನ್ನು ಬರೆಸಿದ್ದಾನೆ ಎನ್ನುತ್ತಿದ್ದಳು. ನೀನು ನಗು ನಿಲ್ಲಿಸಿ, "ಅವಳಿಗೆ ಹೇಳ್ಬೇಡ ಅಕ್ಕಾ," ಅಂದೆ.

ಆ ಸಂಜೆ ನಿನ್ನ ಅಪ್ಪ ಬಂದಿದ್ದು ನಿನಗೆ ಗೊತ್ತಿಲ್ಲ, ನೀನು ಗೆಳೆಯರ ಜೊತೆ ಹೊರಟುಹೋಗಿದ್ದೆ. ನಿನ್ನ ಹೊಟ್ಟೆಗೆ ಒಂದು ಬಾಳೆಕಾಯಿ ತಂದುಹಾಕದವನು ಹೊಸ ಟೋಪಿ ಇಟ್ಟುಕೊಂಡು, ನಾನು ತ್ರಿನಿದಾದನ ಅಪ್ಪ ಎಂದು ಊರವರೆಲ್ಲರ ಕೈ ಕುಲುಕುತ್ತಾ ಬಂದ. ಅಮ್ಮ ಬೈಯಲಿಲ್ಲ. ಉಂಗುರವನ್ನು ಅವನ ಮೂಗಿನ ಹತ್ತಿರ ಹಿಡಿದು, "ಓದು," ಅಂದಳು. ಅವನು ಟೋಪಿ ಸರಿಮಾಡಿಕೊಂಡ. "ಯಾಕೆ, ಟೋಪಿ ಕೊಂಡಾಗ ಕನ್ನಡಕ ಕೊಳ್ಳೋಕೆ ಮರ್ತುಹೋಯ್ತಾ?" ಅಂದಳು. ಜನ ನಕ್ಕರು. ಅವನು ಮತ್ತೆ ಈ ಕಡೆ ಬರಲಿಲ್ಲ. ಗಿರಣಿಯವರ ಬಟ್ಟೆ ಒಗೆದು ಒಗೆದು ಬಾಗಿದ ಅಮ್ಮನ ಬೆನ್ನು ಅವತ್ತು ನೆಟ್ಟಗಾಗಿದ್ದನ್ನು ನಾನು ಕಂಡಿದ್ದೇನೆ. ನನ್ನ ಅಪ್ಪ ಬೇರೆ, ನಿನ್ನ ಅಪ್ಪ ಬೇರೆ. ನಮ್ಮಿಬ್ಬರಿಗೂ ಸೇರಿ ಇರುವುದು ಆ ಒಂದೇ ಹೆಸರು.

ಹಾಗಂತ ನಿನ್ನ ಕಷ್ಟ ನನಗೆ ತಿಳಿಯದೆ ಇಲ್ಲ. ಈ ಮನೆಯ ತಗಡು ಹಾಕಿಸಿದ್ದು ನಿನ್ನ ಆ ಬಲಗೈ. ಈಗ ಆ ಕೈ ಚಮಚವನ್ನೂ ಎತ್ತುವುದಿಲ್ಲ ಅಂದೆ, ನಂಬುತ್ತೇನೆ. ಉಂಗುರ ಮಾರಿದ ದುಡ್ಡಿನಲ್ಲಿ ಡಾಕ್ಟರ ಹತ್ತಿರ ಭುಜ ಕೊಯ್ಯಿಸದಿದ್ದರೆ ಗೋದಾಮಿನ ಕೆಲಸವೂ ಹೋಗುತ್ತದೆ ಅಂದೆ. ಅದನ್ನೂ ನಂಬುತ್ತೇನೆ. ಆದರೂ ಆ ದಿನ ನನ್ನ ನಾಲಿಗೆ ಏಳಲಿಲ್ಲ. ನಾನು ಸುಳ್ಳು ಹೇಳಲಿಲ್ಲ ತಿನೊ, ಸುಮ್ಮನಿದ್ದೆ ಅಷ್ಟೇ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಅಮ್ಮನ ಮೇಲೆ ಬೇಡ. ಭುಜಕ್ಕೆ ಬಿಸಿ ಎಣ್ಣೆ ಹಚ್ಚು, ರಾತ್ರಿ ಪ್ರಾರ್ಥನೆ ತಪ್ಪಿಸಬೇಡ.

ನಿನ್ನ ಅಕ್ಕ,
ಎರ್ಸಿಲಿಯಾ ಪನಿಯಾಗ್ವಾ ಸೆವೆರಿನೊ

ಮರೆತ ಮಾತು, ಬುಧವಾರ ಸಂಜೆ: ಮೇಲೆ ಬರೆದದ್ದನ್ನು ಹರಿದುಹಾಕುವುದಿಲ್ಲ, ಆದರೆ ಇದನ್ನೂ ಓದು. ಇವತ್ತು ಪಾದ್ರಿಗಳ ಹತ್ತಿರ ಪಾಪನಿವೇದನೆಗೆ ಹೋಗಿದ್ದೆ. ಇನ್ನೊಬ್ಬ ಸುಳ್ಳನ್ನು ನಂಬಲಿ ಅಂತಲೇ ಸುಮ್ಮನಿದ್ದರೆ ಅದೂ ಸುಳ್ಳೇ, ಹೋಗಿ ನಿಜ ಹೇಳು ಎಂದರು. ಕೋಲ್ವಿನ್ ಇನ್ನೂ ರಾಜಧಾನಿಯಲ್ಲೇ ಇದ್ದ, ಫೋನ್ ಮಾಡಿದೆ. ಹೇಳಿದೆ. ಮುಂದಿನ ಬುಧವಾರ ಮತ್ತೆ ಬರುತ್ತಾನೆ.

ಆಮೇಲೆ ಅಮ್ಮನಿಗೂ ಹೇಳಿದೆ, ನಿನ್ನ ಭುಜದ ಸಂಗತಿ, ಕೋಲ್ವಿನ್ ಯಾಕೆ ಬಂದಿದ್ದ ಎಂಬುದು. ಕೆತ್ತನೆಯ ಮಾತು ಮಾತ್ರ ಹೇಳಲಿಲ್ಲ, ಅದು ನೀನು ಹೇಳಬೇಕಾದದ್ದು. ಅವಳು ಅಳಲಿಲ್ಲ. ನನ್ನ ಮಗನ ಕೈಗಿಂತ ಇದು ಹೆಚ್ಚಾ ಎಂದು ಆಗಲೇ ಉಂಗುರದ ದಾರ ಬಿಚ್ಚಿಟ್ಟಳು. ಒಂದೇ ಒಂದು ಕೇಳಿದಳು: "ಕೊಡ್ತೀನಿ. ಆದ್ರೆ ಕೊಂಡೋರು ಯಾರೀ ಸೆವೆರಿನೊ ಅಂತ ಕೇಳಿದ್ರೆ, ಅದು ನನ್ನಮ್ಮನ ಹೆಸ್ರು, ಬೇಕೂಂತಲೇ ಬರೆಸಿದ್ದು ಅಂತ ತಿನೊ ತನ್ನ ಕೈಯಾರೆ ಬರ್ಕೊಡ್ಲಿ."

ಹಾಗೆ ಬರೆಯುತ್ತೀಯೋ, ಗುಮಾಸ್ತನ ತಪ್ಪು ಅನ್ನುತ್ತೀಯೋ, ಮುಂದಿನ ಬುಧವಾರದೊಳಗೆ ಅವಳಿಗೇ ಹೇಳು.