ತಗ್ಗಿನ ಹದಿನಾಲ್ಕು ಸಾಲು

…ಪೈಪು ಒಡೆದಿದ್ದಕ್ಕೂ ನಾನೇ ಕಾರಣ ಅಂತೆ, ಕೇಳು ಅಣ್ಣ. ಟ್ಯಾಂಕ್ ತೊಳೆಯೋ ಪೈಪು, ನನಗಿಂತ ವಯಸ್ಸಾದದ್ದು, ಮೂರು ಕಡೆ ತೇಪೆ ಹಾಕಿದ್ದು. ನಲ್ಲಿ ತಿರುಗಿಸಿದೆ, ಪಟ್ ಅಂತು, ಬೆಳಿಗ್ಗೆ ಏಳಕ್ಕೇ ತಲೆಯಿಂದ ಕಾಲಿನ ತನಕ ನೆಂದೆ. ಈ ಬೆಟ್ಟದ ತಣ್ಣೀರು ಅಂದ್ರೆ ನಿಮ್ಮ ಕೆಳಗಿನ ತಣ್ಣೀರಲ್ಲ, ಮೂಳೆ ಮೂಳೆಗೂ ಹೋಗಿ ಕ್ಷೇಮ ವಿಚಾರಿಸ್ಕೊಂಡು ಬರುತ್ತೆ. ಸೂಪರ್‌ವೈಸರ್ ಬಂದು, "ನಾಳೆ ಕಾಯಂ ಆಗೋನು ನೀನು, ಒಂದು ನಲ್ಲಿ ತಿರುಗಿಸೋಕೆ ಬರಲ್ವಾ?" ಅಂದ. ಬಟ್ಟೆ ಬದಲಾಯಿಸೋಕೂ ಬಿಡ್ಲಿಲ್ಲ. ಪ್ರವಾಸಿಗಳ ಬಸ್ಸು ಬಂದಿತ್ತು, ಗ್ಲಾಸು ಒರೆಸೋಕೆ ನಿಲ್ಲಿಸಿದ. ಆ ವೈನ್ ರುಚಿ ನೋಡೋ ಹಾಲ್ ಇದೆಯಲ್ಲ, ಅಲ್ಲಿ ಗೋಡೆ ತುಂಬ ಒಂದೇ ಫೋಟೊ. ನಮ್ಮ ಕತ್ತರಿಯಮ್ಮ ದ್ರಾಕ್ಷಿ ಬಳ್ಳಿ ಹಿಡ್ಕೊಂಡು ನಗ್ತಿರೋದು. ಗೈಡ್ ಹುಡುಗಿ ಅದನ್ನ ತೋರಿಸಿ, "ಇಲ್ಲಿ ಪ್ರತಿ ಬಳ್ಳಿಯೂ ಈ ಅಜ್ಜಿಯ ಕೈ ದಾಟಿಯೇ ಬರುತ್ತೆ" ಅಂತ ಹೇಳ್ತಿದ್ಲು. ಕತ್ತರಿಯಮ್ಮನ್ನ ಕೆಲಸದಿಂದ ತೆಗೆದು ಮನೆಗೆ ಕಳಿಸಿ ಇವತ್ತಿಗೆ ಒಂಬತ್ತು ದಿನ. ಗೋಡೆ ಮೇಲೆ ಮಾತ್ರ ಅವಳು ಕಾಯಂ.

ಅಯ್ಯೋ, ನೀನು ಹೇಗಿದೀಯ ಅಂತ ಕೇಳೋದೇ ಮರೆತೆ ನೋಡು. ಬೆನ್ನುನೋವು ಕಡಿಮೆ ಆಯ್ತಾ? ಅಮ್ಮನ ಮಂಡಿ ಹೇಗಿದೆ, ಮೆಟ್ಟಿಲು ಹತ್ತುತ್ತಾಳಾ? ಅತ್ತಿಗೆ, ಪಾಪು ಎಲ್ಲ ಚೆನ್ನಾಗಿದ್ದಾರಾ? ಇಷ್ಟಕ್ಕೂ ಈ ಒಂಬತ್ತು ದಿನದಲ್ಲಿ ನಾನು ಕಳಿಸಿದ ಒಂದು ಮಾತನ್ನೂ ನೀನು ಕೇಳಿಲ್ಲ ಅಂತ ಫೋನೇ ತೋರಿಸ್ತಿದೆ. ಪತ್ರ ಬರೆಯೋಣ ಅಂದ್ರೆ ಬೆರಳೆಲ್ಲ ಚಳಿಗೆ ಬಿರಿದಿವೆ, ಪೆನ್ನು ನಿಲ್ಲಲ್ಲ. ಅದಕ್ಕೇ ಬಾಯಲ್ಲೇ ಬರೀತಿದೀನಿ. ಬಚ್ಚಲುಮನೆಯಲ್ಲಿ ಬಕೆಟ್ ಬೋರಲು ಹಾಕಿ ಕೂತಿದೀನಿ, ಯಾಕಂದ್ರೆ ರೂಮಲ್ಲಿ ಟ್ರ್ಯಾಕ್ಟರ್ ಡ್ರೈವರ್ ಮಲಗಿದಾನೆ. ಆ ಮಹಾರಾಯ ಗೊರಕೆಯಲ್ಲೂ ಗೇರ್ ಬದಲಾಯಿಸ್ತಾನೆ.

ನಿನಗೆ ಬೇಕಾದಷ್ಟನ್ನೇ ಅಮ್ಮನಿಗೆ ಹೇಳಿರ್ತೀಯ. ಅಮ್ಮ ಮೊನ್ನೆ ಫೋನಲ್ಲಿ, "ನಿಮ್ಮಣ್ಣ ಹೇಳಿಕೊಟ್ಟಿದ್ದಕ್ಕೆ ಕಾಯಂ ಆಗುತ್ತಂತಲ್ಲೋ" ಅಂದ್ಲು. ಹೌದಮ್ಮ, ಅಂದೆ. ಅವಳಿಗೆ ಗೊತ್ತಿಲ್ಲದ ಭಾಗವನ್ನ ನಿನಗೆ ಹೇಳ್ತೀನಿ. ನಿನಗೆ ಗೊತ್ತು, ಆದ್ರೂ ಹೇಳ್ತೀನಿ. ಒಂದು ಸಲವಾದ್ರೂ ಮೊದಲಿಂದ ಕೊನೇವರೆಗೆ ಕೇಳಿಸ್ಕೋ.

ನಾನು ಇಲ್ಲಿಗೆ ಬಂದಾಗ ನನ್ನನ್ನ ಕತ್ತರಿಯಮ್ಮನ ಜೊತೆಗೆ ಹಾಕಿದ್ರು. ಮೂವತ್ತೊಂದು ವರ್ಷದಿಂದ ಇಲ್ಲಿ ಬಳ್ಳಿ ಕತ್ತರಿಸಿ ಸವರಿದೋಳು. ನಮ್ಮಿಬ್ಬರಿಗೆ ಸೇರಿ ಇಳಿಜಾರಿನ ಒಂದು ಪಾಲು. ಪಾಲು ಹಂಚಿದ ಹಾಳೆಯಲ್ಲಿ ಹೆಸರು ಅವಳದು, ನಾನು ಬರೀ ಜೊತೆಗಾರ. ಆ ಪಾಲಿನ ಬುಡದಲ್ಲಿ ಒಂದು ತಗ್ಗು, ಅಲ್ಲಿ ಹದಿನಾಲ್ಕು ಸಾಲು. ತೋಟದಲ್ಲೇ ಒಳ್ಳೆ ಹಣ್ಣು ಅಲ್ಲಿಯದು. ಯಜಮಾನರು ತಮ್ಮ ಹೆಸರು ಹಾಕಿ ಮಾರೋ ವೈನು ಆ ಹದಿನಾಲ್ಕು ಸಾಲಿಂದ. ಊರಿಗೆಲ್ಲ ಸವರೋದು ಮುಗಿದ್ರೂ ಕತ್ತರಿಯಮ್ಮ ಆ ತಗ್ಗಿಗೆ ಮಾತ್ರ ಕೈ ಹಾಕ್ತಿರಲಿಲ್ಲ. ಕಡ್ಡಿಗಳೆಲ್ಲ ಉದ್ದುದ್ದ, ಬಾಚದ ತಲೆ ಹಾಗೆ. ಬೇರೆ ಪಾಲಿನೋರು ದಾಟಿ ಹೋಗ್ತಾ, "ಏನಜ್ಜಿ, ಕತ್ತರಿ ಗಿರವಿ ಇಟ್ಟಿದೀಯಾ?" ಅಂತ ಆಡ್ಕೊಳ್ಳೋರು. ಅವರು ಆಡ್ಕೊಂಡಾಗ ನನಗೆ ಮೈ ಉರಿಯೋದು. ಅವಳು, "ನಿಮ್ಮಪ್ಪನೂ ಹೀಗೇ ಕೇಳ್ತಿದ್ದ, ಹೋಗು" ಅಂತ ಸಾಗಹಾಕೋಳು.

ಚಳಿಗಾಲ ಮುಗೀತಾ ಬಂದಾಗ ಅವಳ ಮಗಳಿಗೆ ಹೆರಿಗೆ ಆಯ್ತು, ದಿನಕ್ಕಿಂತ ಮುಂಚೆ. ರಜೆ ಕೇಳಿದ್ರೆ ಸೂಪರ್‌ವೈಸರ್ ಕೊಡಲ್ಲ ಅಂತ ಗೊತ್ತಿತ್ತು. ನನ್ನ ಕೈ ಹಿಡ್ಕೊಂಡು, "ಎಂಟು ದಿನ ನನ್ನ ಹಾಜರಿಗೆ ನೀನೇ ಸಹಿ ಎಳೆದುಬಿಡು ಮಗಾ, ಮೇಲಿನ ಸಾಲಲ್ಲಿ ಕಡ್ಡಿ ಕಟ್ಕೊಂಡಿರು, ಅಷ್ಟು ಸಾಕು" ಅಂದ್ಲು. ಸರಿ ಅಂದೆ. ಅದೇ ವಾರ ಬಿಸಿಲು ಬಂತು ನೋಡು, ಸ್ವೆಟರ್ ಬಿಚ್ಚೋ ಅಂಥ ಬಿಸಿಲು. ಅವಳು ಹೊರಟ ಸಂಜೇನೇ ನಿನಗೆ ಫೋನ್ ಮಾಡಿದೆ. ನಮ್ಮ ಮನೇಲಿ ಏನೇ ಆದ್ರೂ ಅಣ್ಣನ್ನ ಕೇಳು ಅನ್ನೋದೇ ಅಲ್ವಾ? ಚಪ್ಪಲಿ ಕೊಳ್ಳೋಕೂ ನಿನ್ನನ್ನ ಕೇಳಿದ್ದೀನಿ. ಈ ಥರ ತಗ್ಗಿನ ಸಾಲು ಹಾಗೇ ಬಿದ್ದಿದೆ, ಇನ್ನೂ ಕಾಲ ಬಂದಿಲ್ಲ ಅಂತಿದ್ದ ಅಜ್ಜಿ ಈಗ ಊರಲ್ಲಿಲ್ಲ, ಏನ್ಮಾಡ್ಲಿ ಅಂದೆ. ನೀನು ನಕ್ಕೆ. ನಿನ್ನ ಮಾತು ಹಾಗೇ ನೆನಪಿದೆ: "ಮುದುಕಿಗೆ ಕೈಲಾಗಲ್ಲ, ಅದಕ್ಕೆ ಶಾಸ್ತ್ರ ಹೇಳ್ತಾಳೆ. ಗಿಡ್ಡಕ್ಕೆ ಕತ್ತರಿಸಿ ಬಿಸಾಕು. ಹದಿನಾಲ್ಕು ಸಾಲು ಒಬ್ಬನೇ ಮುಗಿಸಿದೋನು ಅಂದ್ರೆ ನಾಳೆ ಯಜಮಾನ ನಿನ್ನ ಹುಡುಕ್ಕೊಂಡು ಬರ್ತಾನೆ. ತೋಟದ ಮೇಸ್ತ್ರಿ ನಾನು, ನನಗೆ ಗೊತ್ತಿಲ್ವಾ?"

ಮುಗಿಸಿದೆ ಅಣ್ಣ. ಎಲ್ಲರೂ ದಿನಕ್ಕೊಂದು ಸಾಲು ಮಾಡೋ ಕಡೆ ನಾನು ಹತ್ತಿರ ಹತ್ತಿರ ಎರಡು ಮಾಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದವು. ಒಂಬತ್ತನೇ ದಿನ ಕತ್ತರಿಯಮ್ಮ ಬಂದ್ಲು, ತಗ್ಗಿನ ಅಂಚಲ್ಲಿ ನಿಂತ್ಲು. ಶಭಾಷ್ ಅಂತಾಳೆ ಅಂತ ನಾನು ಹಲ್ಲು ಬಿಟ್ಕೊಂಡು ಕಾಯ್ತಿದೀನಿ. ಅವಳು ಬುಟ್ಟಿ ಬೋರಲು ಹಾಕಿ ಕೂತ್ಕೊಂಡ್ಲು. ನೆಲದಿಂದ ಒಂದು ಕಡ್ಡಿ ಎತ್ತಿ, "ಅಂಟಿಸೋಕಾಗುತ್ತಾ?" ಅಂತ ಕೇಳಿದ್ಲು. ಅಷ್ಟೇ. ಆಮೇಲೆ ಮೆತ್ತಗೆ ಹೇಳಿದ್ಲು. ಇಷ್ಟು ಎತ್ತರದಲ್ಲಿ ಬಿಸಿಲು ಬಂತು ಅಂತ ನಂಬಬಾರ್ದು, ಚಳಿ ಬಾಗಿಲ ಹಿಂದೇ ನಿಂತಿರುತ್ತೆ. ರಾತ್ರಿ ತಣ್ಣಗಿನ ಗಾಳಿ ಇಳಿಜಾರಲ್ಲಿ ನೀರಿನ ಹಾಗೆ ಹರ್ಕೊಂಡು ಬಂದು ತಗ್ಗಲ್ಲಿ ನಿಲ್ಲುತ್ತೆ. "ಕಡ್ಡಿ ಉದ್ದ ಬಿಟ್ರೆ ತುದಿ ಮೊದ್ಲು ಚಿಗುರುತ್ತೆ. ಚಳಿ ಬಂದು ತುದಿ ತಿನ್ಕೊಂಡು ಹೋಗ್ಲಿ, ಬುಡ ನಮಗಿರುತ್ತೆ. ನೀನು ತುದೀನೇ ತೆಗೆದುಬಿಟ್ಟೆ ಮಗಾ, ಈಗ ಬುಡವೇ ಎದ್ದು ಬರುತ್ತೆ." ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಮೂರು ವಾರಕ್ಕೆ ಚಿಗುರು ಬಂತು, ಬೆರಳುದ್ದ, ತಗ್ಗಿನ ತುಂಬ. ಆಮೇಲೆ ಹಿಮ ಬಿದ್ದ ಆ ರಾತ್ರಿ. ಚಳಿ ತಡೆಯೋಕೆ ಸಾಲಿನ ಮಧ್ಯೆ ಎಣ್ಣೆ ಡಬ್ಬಕ್ಕೆ ಬೆಂಕಿ ಹಚ್ಚಿದೆವು, ಬೆಳಗಿನ ತನಕ ಓಡಾಡಿದೆವು. ಮೇಲಿನ ಸಾಲು ಉಳಿದವು. ತಗ್ಗಲ್ಲಿ ಬಿಸಿಲು ಬಿದ್ದ ಮೇಲೆ ಒಂದೊಂದೇ ಚಿಗುರು ಕಪ್ಪಾಗಿ, ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿತ್ತು. ಈ ವರ್ಷ ಯಜಮಾನರ ಹೆಸರಿನ ವೈನು ಇಲ್ಲ.

ಸೂಪರ್‌ವೈಸರ್ ಹಾಳೆ ತೆಗೆದ, ಹೆಸರು ಅವಳದು. "ನಾನು ಕತ್ತರಿಸಿಲ್ಲ" ಅಂದ್ಲು. ಹಾಜರಿ ಪುಸ್ತಕ ತೆಗೆದ. ಎಂಟು ದಿನವೂ ಅವಳ ಸಹಿ, ನಾನು ಎಳೆದದ್ದು. "ಇಲ್ಲೇ ಇದ್ದೆಯಲ್ಲ, ಮತ್ತೆ ಕತ್ತರಿಸಿದ್ದು ದೆವ್ವನಾ?" ಅಂದ. ಇರಲಿಲ್ಲ ಅಂದ್ರೆ ಕಳ್ಳ ಸಹಿ ಬಯಲಾಗುತ್ತೆ. ಅವಳು ನನ್ನ ಕಡೆ ನೋಡಿದ್ಲು. ನಾನು ಬೂಟು ನೋಡ್ಕೊಂಡೆ. ಯಾರೋ ನನ್ನ ಹೆಸರು ಎತ್ತಿದ್ರೆ ಸೂಪರ್‌ವೈಸರ್ ಜೋರಾಗಿ ನಕ್ಕುಬಿಟ್ಟ: "ಇವನಾ? ಇವನ ಕೈಲಿ ಎಂಟು ದಿನಕ್ಕೆ ನಾಲ್ಕು ಸಾಲು ಆದ್ರೆ ನಾನು ಮೀಸೆ ಬೋಳಿಸ್ತೀನಿ!" ಸತ್ಯ ಹೇಳ್ತೀನಿ ಅಣ್ಣ, ಆ ಹೊತ್ತಲ್ಲೂ ನನಗೆ ಬಂದದ್ದು ಸಿಟ್ಟು. ನಾನೇ ಕಣೋ, ಹದಿನಾಲ್ಕೂ ನಾನೇ, ಅಂತ ಕೂಗ್ಬೇಕು ಅನ್ನಿಸ್ತು. ಜಂಬಕ್ಕೆ. ಅಜ್ಜಿಗೋಸ್ಕರ ಅಲ್ಲ. ಕೂಗಲೂ ಇಲ್ಲ. "ಕತ್ತರಿಸಿದ್ದನ್ನೇ ಮರೆಯೋ ವಯಸ್ಸಾಯ್ತು, ಮನೆಗೆ ಹೋಗು" ಅಂದ ಅವಳಿಗೆ. ಮೂವತ್ತೊಂದು ವರ್ಷ ಒಂದು ಕೈಚೀಲದಲ್ಲಿ ಹಿಡೀತು.

ಸಂಜೆ ಅಳ್ತಾ ನಿನಗೆ ಫೋನ್ ಮಾಡಿದ್ನಲ್ಲ, ನೀನು ಏನಂದೆ? "ಬಾಯಿ ಬಿಡ್ಬೇಡ. ಅವಳು ಹೇಗೂ ಇನ್ನೆರಡು ವರ್ಷಕ್ಕೆ ಹೋಗೋಳು, ಜಾಗ ನಿನ್ನದೇ." ಹೌದು, ಜಾಗ ನನ್ನದೇ ಆಯ್ತು. ನಾಳೆ ಕಾಗದಕ್ಕೆ ಸಹಿ. ಆವತ್ತಿಂದ ನೀನು ಫೋನ್ ಎತ್ತಿಲ್ಲ. ಒಂದು ಪ್ರಶ್ನೆ ಕೇಳ್ಬೇಕಿತ್ತು ಅಷ್ಟೆ: ಅಲ್ಲಿ ಕೆಳಗೆ ನಿನ್ನ ತೋಟದಲ್ಲಿ ಒಂದು ದಿನವಾದ್ರೂ ಹಿಮ ಬಿದ್ದಿದೆಯಾ?

ಇವತ್ತು ಕೆಲಸ ಮುಗಿದ ಮೇಲೆ ಅವಳ ಮಗಳ ಮನೆಗೆ ಹೋದೆ. ಸೈಕಲ್ ರಿಪೇರಿ ಅಂಗಡಿ ಹಿಂದೆ ಒಂದೇ ಕೋಣೆ. ಕತ್ತರಿಯಮ್ಮ ಕಾಲು ಚಾಚಿ ಮಗು ಮಲಗಿಸ್ಕೊಂಡಿದ್ಲು. ನಿನ್ನ ವಿಷಯ ಹೇಳಿದೆ, ಅಣ್ಣ ಹೇಳಿದ್ದಕ್ಕೆ ಮಾಡಿದೆ ಅಂದೆ. ಮಗುವಿನ ಕಡೆ ನೋಡ್ತಾನೇ, "ತಪ್ಪು ಮಾಡಿದೋರಿಗೆಲ್ಲ ಎಲ್ಲೋ ಒಬ್ಬ ಅಣ್ಣ ಇರ್ತಾನೆ" ಅಂದ್ಲು. ನಿಜ ಅಂತ ಆಣೆ ಹಾಕೋಕೆ ಹೋದೆ. ಕೈ ಎತ್ತಿ ತಡೆದ್ಲು. "ಇದ್ರೆ ಇರ್ಲಿ. ನಾನು ನಿನ್ನ ಜೊತೆ ಒಂದೇ ಬುತ್ತಿ ಉಂಡೋಳು. ನನ್ನನ್ನ ಯಾಕೆ ಕೇಳ್ಲಿಲ್ಲ, ಅದನ್ನ ಹೇಳು." ಮಗಳು ನನಗೆ ಅಂತ ಟೀ ತಂದು ಇಟ್ಟಿದ್ಲು. ಕತ್ತರಿಯಮ್ಮ ಅದನ್ನ ತನ್ನ ಕಡೆ ಎಳ್ಕೊಂಡ್ಲು.

ಸಾಕು, ಕಾಲು ಜೋಮು ಹಿಡೀತು. ಅಮ್ಮನಿಗೆ ಮಂಡಿಗೆ ಬಿಸಿ ಶಾಖ ಕೊಡೋಕೆ ಹೇಳು. ಅತ್ತಿಗೆಗೆ ನಮಸ್ಕಾರ, ಪಾಪು ಕೆನ್ನೆಗೆ ಒಂದು ಮುತ್ತು. ನಿನಗೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ದೊಡ್ಡೋನು, ಚೆನ್ನಾಗಿರು.

ಇಷ್ಟು ದಿನ ನೀನು ಹೇಳಿದ ಹಾಗೆ ಕೇಳಿದ,
ನಿನ್ನ ತಮ್ಮ

ತಡಿ ತಡಿ, ಆಫ್ ಮಾಡ್ಬೇಡ, ಒಂದು ಮಾತು ಬಿಟ್ಟೆ. ಆ ಎಂಟು ದಿನ ದಿನಾ ಸಂಜೆ ಕತ್ತರಿಸಿದ ಸಾಲಿನ ಫೋಟೊ ತೆಗೆದು ನಿನಗೆ ಕಳಿಸ್ತಿದ್ದೆ. ಒಂದೊಂದರಲ್ಲೂ ನಾನಿದ್ದೀನಿ, ಒಬ್ಬನೇ. ಹಿಮ ಬಿದ್ದ ದಿನ ನೀನು ಅಳಿಸು ಅಂದೆ, ನಾನು ಅಳಿಸಿದೆ. ನಿನ್ನ ಹತ್ರ ಇರುತ್ತೆ, ನೀನು ಏನನ್ನೂ ಬಿಸಾಕೋನಲ್ಲ. ನಾಳೆ ನಾನು ಸಹಿ ಹಾಕಲ್ಲ. ಯಜಮಾನರ ಮುಂದೆ ಸಾಲಿನದೂ ಹಾಜರಿದೂ ಎರಡೂ ಹೇಳ್ತೀನಿ. ಆದ್ರೆ ಬರೀ ಬಾಯಲ್ಲಿ ಹೇಳಿದ್ರೆ ಸೂಪರ್‌ವೈಸರ್ ಮತ್ತೆ ನಗ್ತಾನೆ, ಕೆಲಸ ನನ್ನದೂ ಹೋಗುತ್ತೆ, ಅವಳದೂ ವಾಪಸ್ ಬರಲ್ಲ. ಫೋಟೊ ಕಳಿಸು. ಕಳಿಸಿ ಫೋನ್ ಮಾಡು, ಗಿಡ್ಡಕ್ಕೆ ಕತ್ತರಿಸು ಅಂದದ್ದು ನೀನೇ ಅಂತ ಯಜಮಾನರಿಗೆ ನಿನ್ನ ಬಾಯಲ್ಲೇ ಹೇಳು. ನಿಮ್ಮ ತೋಟದೋರಿಗೆ ಗೊತ್ತಾದ್ರೆ ಮೇಸ್ತ್ರಿ ಮಾನ ಹೋಗುತ್ತೆ ಅಂತ ನನಗೆ ಗೊತ್ತು, ಗೊತ್ತಿದ್ದೇ ಕೇಳ್ತಿದೀನಿ. ಹನ್ನೆರಡಕ್ಕೆ ಆಫೀಸಿಗೆ ಕರೆದಿದ್ದಾರೆ. ಹೇಳೋಕೆ ನನಗೆ ಹದಿನೈದು ನಿಮಿಷ ಸಾಕು. ಹನ್ನೆರಡೂಕಾಲಿಗೆ ಮಾಡು ಅಣ್ಣ. ಹನ್ನೆರಡೂಕಾಲು.